ಪತ್ತನಾಜೆಗೆ ಬರುವ ಅಪ್ಪ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಮಿತಿಯವರು ಮನೆಗೇ ಬಂದು ಕೇಳಿದಾಗ ನಾನು ಕೂಡಲೇ ಒಪ್ಪಿಕೊಂಡೆ. ರಂಗಸ್ಥಳದಲ್ಲಿ ಗಂಟೆಗಟ್ಟಲೆ ಮಾತನಾಡಿದವನಿಗೆ ನಾಲ್ಕು ಪುಟ ಬರೆಯುವುದೇನು ದೊಡ್ಡದು ಎಂಬ ಧೈರ್ಯವಿತ್ತು. ಲೇಖನಿ ಹಿಡಿದ ಮೇಲೆ ಆ ಧೈರ್ಯ ಉಳಿಯಲಿಲ್ಲ. ಅರ್ಜುನನ ಮಾತನ್ನೋ ಕರ್ಣನ ಮಾತನ್ನೋ ಆಡುವುದು ಬೇರೆ, ತನ್ನ ಮಾತನ್ನು ತಾನೇ ಆಡುವುದು ಬೇರೆ.

ಈ ಶಾಲೆಯೊಡನೆ ನನಗಿರುವ ಸಂಬಂಧ ಎರಡು ಬಗೆಯದು. ಶಾಲೆ ತೆರೆದ 1975ರಲ್ಲೇ ಒಂದನೆಯ ತರಗತಿಗೆ ಸೇರಿ ಏಳು ವರ್ಷ ಇಲ್ಲಿ ವಿದ್ಯಾರ್ಥಿಯಾಗಿದ್ದೆ. 2000ದಿಂದ ಮತ್ತೆ ಏಳು ವರ್ಷ ಇಲ್ಲಿಯ ವಿದ್ಯಾರ್ಥಿನಿಯೊಬ್ಬಳ ತಂದೆಯಾಗಿದ್ದೆ. ಮೊದಲಿನ ಏಳು ವರ್ಷಗಳ ಕುರಿತು, ಮುಳಿಹುಲ್ಲಿನ ಮಾಡಿನ ಕುರಿತು, ಪೂಜ್ಯ ಗುರುಗಳ ನಾಗರಬೆತ್ತದ ಕುರಿತು ನನ್ನ ಸಹಪಾಠಿಗಳು ನನಗಿಂತ ಚೆನ್ನಾಗಿ ಬರೆದಾರು. ನಾನು ಎರಡನೆಯ ಏಳು ವರ್ಷಗಳ ಕುರಿತು ಬರೆಯುತ್ತೇನೆ. ವಿದ್ಯಾರ್ಥಿಯಾಗಿ ನಾನು ಜ್ವರವಿದ್ದರೂ ಶಾಲೆ ತಪ್ಪಿಸಿದವನಲ್ಲ. ತಂದೆಯಾಗಿ ಮಾತ್ರ ಹೆಚ್ಚಿನ ದಿನಗಳಲ್ಲಿ ಗೈರುಹಾಜರಾದವನು.

ಯಕ್ಷಗಾನ ಮೇಳದ ತಿರುಗಾಟವೆಂದರೇನೆಂದು, ಕುಂಬಳೆಯ ಪಾರ್ತಿಸುಬ್ಬನ ಹೆಸರು ಕೇಳಿ ಬೆಳೆದ ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಆದರೆ ಇಲ್ಲಿ ಕಲಿತು ದೂರದ ನಗರಗಳಲ್ಲಿ ನೆಲೆಸಿದವರ ಮಕ್ಕಳೂ ಈ ಪುಟಗಳನ್ನು ತಿರುವಿಯಾರು. ಅವರಿಗಾಗಿ ಒಂದೆರಡು ಮಾತು. ದೀಪಾವಳಿ ಕಳೆದ ಮೇಲೆ, ಹೆಚ್ಚಾಗಿ ನವೆಂಬರ್ ತಿಂಗಳಲ್ಲಿ, ಮೇಳದ ದೇವರ ಸನ್ನಿಧಿಯಲ್ಲಿ ಕಲಾವಿದರು ಗೆಜ್ಜೆ ಕಟ್ಟುತ್ತಾರೆ. ಅಲ್ಲಿಂದ ಮುಂದೆ ರಾತ್ರಿಗೊಂದು ಊರು, ರಾತ್ರಿಗೊಂದು ಪ್ರಸಂಗ. ಆ ಕಾಲದಲ್ಲಿ ಆಟ ಮುಗಿಯುವಾಗ ಬೆಳಗಾಗುತ್ತಿತ್ತು. ಮುಖದ ಬಣ್ಣವನ್ನು ತೆಂಗಿನೆಣ್ಣೆಯಲ್ಲಿ ಒರೆಸಿ, ಸ್ನಾನ ಮುಗಿಸಿ, ಮುಂದಿನ ಊರು ಸೇರಿ, ಯಾರದೋ ಜಗಲಿಯಲ್ಲೋ ಶಾಲೆಯ ಕೋಣೆಯಲ್ಲೋ ಮಧ್ಯಾಹ್ನದವರೆಗೆ ಮಲಗುತ್ತಿದ್ದೆವು. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ 24 ಅಥವಾ 25ರ ಹೊತ್ತಿಗೆ ಬರುವ ಪತ್ತನಾಜೆಯಂದು, ಗೆಜ್ಜೆ ಬಿಚ್ಚಿ ಮನೆಗೆ ಮರಳುವುದು.

ಮೇಳದ ಪಂಚಾಂಗವೂ ಶಾಲೆಯ ಪಂಚಾಂಗವೂ ಒಂದಕ್ಕೊಂದು ಬೆನ್ನು ಹಾಕಿ ನಿಂತಿವೆ. ನಮ್ಮ ಕೇರಳದ ಶಾಲೆಗಳಿಗೆ ಬೇಸಗೆ ರಜೆ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ. ಮಕ್ಕಳು ಮನೆಯಲ್ಲಿರುವ ಆ ಎರಡು ತಿಂಗಳು ಮೇಳಗಳಿಗೆ ಬಿಡುವಿಲ್ಲದ ಕಾಲ. ಪತ್ತನಾಜೆಗೆ ನಾನು ಮನೆ ಮುಟ್ಟಿದರೆ ಜೂನ್ 1ಕ್ಕೆ ಶಾಲೆ ತೆರೆಯುತ್ತಿತ್ತು. ನನ್ನ ಬಿಡುವೂ ಮಗಳ ಬಿಡುವೂ ಕೂಡಿ ಬರುವುದು ನಡುವಿನ ಒಂದು ವಾರ, ಮತ್ತೆ ಓಣಂ ರಜೆಯ ಕೆಲವು ದಿನ. ವಾರ್ಷಿಕೋತ್ಸವ, ವಾರ್ಷಿಕ ಪರೀಕ್ಷೆ, ಫಲಿತಾಂಶ ಎಲ್ಲವೂ ನಾನು ದೂರವಿದ್ದಾಗಲೇ ನಡೆದುಹೋಗುತ್ತಿದ್ದವು. ಶಾಲೆ ತೆರೆಯುವ ದಿನ ಮಗಳ ಕೈ ಹಿಡಿದು ಕರೆತರುವುದನ್ನು ನಾನು ಒಂದು ವರ್ಷವೂ ತಪ್ಪಿಸಲಿಲ್ಲ. ವಾರ್ಷಿಕೋತ್ಸವವನ್ನು ಒಂದು ವರ್ಷವೂ ನೋಡಲಿಲ್ಲ.

ನಾನು ಮೇಳ ಸೇರಿದ್ದು 1988ರಲ್ಲಿ. ಮಗಳು ಹುಟ್ಟಿದ್ದು 1995ರ ಜನವರಿಯಲ್ಲಿ. ಆಗ ನಾನು ಬೆಳ್ತಂಗಡಿಯ ಕಡೆಯ ಒಂದು ಹರಕೆಯ ಆಟದ ಚೌಕಿಯಲ್ಲಿ ಮುಖಕ್ಕೆ ಬಣ್ಣ ಹಚ್ಚುತ್ತಿದ್ದೆ. ಸುದ್ದಿ ಮುಟ್ಟಿದ್ದು ಮರುದಿನ. 1997ರ ಪತ್ತನಾಜೆಯ ಮರುದಿನ ಟ್ರಂಕು ಹೊತ್ತು ಅಂಗಳಕ್ಕೆ ಕಾಲಿಟ್ಟಾಗ ಅವಳು ತುಳಸಿಕಟ್ಟೆಯ ಬಳಿ ಒಬ್ಬಳೇ ಆಡುತ್ತಿದ್ದಳು. ನನ್ನನ್ನು ಕಂಡು ಎದ್ದು, ಒಳಗೆ ಓಡಿ, ನನ್ನ ತಾಯಿಯ ಸೆರಗು ಹಿಡಿದು ಹೇಳಿದಳು: "ಅಜ್ಜೀ, ಏರೋ ಬೈದೆರ್." ಯಾರೋ ಬಂದಿದ್ದಾರೆ. ಎರಡು ವರ್ಷ ತುಂಬಿದ ಮಗುವಿಗೆ ಆರು ತಿಂಗಳು ಎಷ್ಟು ದೀರ್ಘವೆಂದು ನನಗೆ ಅಂದು ತಿಳಿಯಿತು. ಅವಳು ಬಹುವಚನ ಬಳಸಿದ್ದಳು, ಮನೆಗೆ ಬಂದ ಅತಿಥಿಗೆ ಸಲ್ಲುವ ಗೌರವ ಕೊಟ್ಟಿದ್ದಳು. ನನ್ನ ತಾಯಿ ನಕ್ಕರು. ನಾನೂ ನಕ್ಕೆ. ಹೆಂಡತಿ ಮಾತ್ರ ನಗದೆ ಕಾಲು ತೊಳೆಯಲು ನೀರು ತಂದಿಟ್ಟಳು.

ಇಲ್ಲಿಯವರೆಗೆ ಓದಿದವರು ನನ್ನ ಮೇಲೆ ಕನಿಕರ ಪಟ್ಟಾರು. ಅದಕ್ಕೆ ನಾನು ಪೂರ್ಣ ಅರ್ಹನಲ್ಲ. ಹೊಟ್ಟೆಪಾಡಿಗಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಹೊರಟೆನೆಂದು ಬರೆದರೆ ಅದು ಅರ್ಧ ಸತ್ಯ. ಹೊಟ್ಟೆಪಾಡು ನಿಜ. ಮಳೆಗಾಲದಲ್ಲಿ ಮೇಳದಿಂದ ತಂದ ಮುಂಗಡ ಹಣ ಸೋನೆ ತಿಂಗಳಿಗೇ ಮುಗಿಯುತ್ತಿತ್ತು, ಮುಂದಿನ ತಿರುಗಾಟದಲ್ಲಿ ದುಡಿದು ಅದನ್ನು ತೀರಿಸಬೇಕಿತ್ತು. ಆದರೆ ಇನ್ನರ್ಧವೂ ಇದೆ. ನವರಾತ್ರಿ ಕಳೆಯುತ್ತಿದ್ದಂತೆ ನನ್ನ ಕಾಲುಗಳು ತಾವಾಗಿ ತಾಳ ಹಾಕುತ್ತಿದ್ದವು. ಮನೆಯ ಗೋಡೆಗಳು ಹತ್ತಿರ ಸರಿದಂತೆ ತೋರುತ್ತಿತ್ತು. ಎಲ್ಲೋ ದೂರದಲ್ಲಿ ಚೆಂಡೆಯ ಪೆಟ್ಟು ಕೇಳಿದರೆ ಉಣ್ಣುತ್ತಿದ್ದ ಕೈ ನಿಲ್ಲುತ್ತಿತ್ತು. ಹೊರಡುವ ದಿನ ಮಗಳು ಅತ್ತರೆ ಎದೆ ಹಿಂಡಿದಂತಾಗುತ್ತಿತ್ತು, ಆದರೆ ಬಸ್ಸು ತಿರುವು ದಾಟಿದೊಡನೆ ಆ ಎದೆಯಲ್ಲೇ ಏನೋ ಹಗುರವಾಗುತ್ತಿತ್ತು. ಒಂದೇ ಎದೆ, ಒಂದೇ ಬೆಳಗು. ಎರಡೂ ಸುಳ್ಳಲ್ಲ. ಈ ಮಾತನ್ನು ನಾನು ಹೆಂಡತಿಗೆ ಹೇಳಿದವನಲ್ಲ. ಅವಳು ಸಂಜೆಯಿಡೀ ಬೀಡಿ ಸುತ್ತುತ್ತಾ ಮನೆ ನಡೆಸುತ್ತಿದ್ದವಳು. ಹೇಳದೆಯೇ ತಿಳಿದಿದ್ದಳೆಂದು ಈಗ ತೋರುತ್ತದೆ.

2000ದ ಜೂನ್‌ನಲ್ಲಿ ಮಗಳನ್ನು ಶಾಲೆಗೆ ಸೇರಿಸಬೇಕಾಯಿತು. ಆಗಲೇ ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಯ ವಾಹನ ಬರತೊಡಗಿತ್ತು. ಕನ್ನಡ ಕಲಿತರೆ ಕೇರಳದಲ್ಲಿ ಕೆಲಸ ಸಿಕ್ಕೀತೇ ಎಂದು ಬಂಧುಗಳು ಕೇಳಿದರು. ಅದು ತೆಗೆದುಹಾಕುವಂಥ ಪ್ರಶ್ನೆಯಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿಯ ಪ್ರತಿಯೊಬ್ಬ ಕನ್ನಡಿಗ ತಂದೆಯೂ ಜೂನ್ ತಿಂಗಳಲ್ಲಿ ಅದಕ್ಕೆ ಉತ್ತರ ಹುಡುಕುತ್ತ ಬಂದಿದ್ದಾನೆ. ನನ್ನ ಉತ್ತರ ಸರಳವಾಗಿತ್ತು. ನಮ್ಮ ಮನೆಮಾತು ತುಳು, ಪೇಟೆಯ ಮಾತು ಮಲಯಾಳ. ಆದರೆ ನಾನು ಅನ್ನ ಉಣ್ಣುವುದು ಕನ್ನಡದಲ್ಲಿ. ಮಗಳು ನನ್ನ ಆಟ ನೋಡಿದರೆ ನನ್ನ ಮಾತು ಅವಳಿಗೆ ಅರ್ಥವಾಗಬೇಕು. ಇಷ್ಟೇ ಯೋಚಿಸಿ ನಾನು ಅವಳನ್ನು ನನ್ನ ಶಾಲೆಗೇ ಸೇರಿಸಿದೆ.

ಒಂದನೆಯ ತರಗತಿಯ ಟೀಚರ್ ಯಾರೆಂದು ಹಳೆ ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಹೆಸರೆತ್ತಿದರೆ ಅವರು ಸಂಕೋಚಪಟ್ಟಾರು. ಆ ನವೆಂಬರ್‌ನಲ್ಲಿ ನಾನು ಹೊರಟ ಮೇಲೆ ಮಗಳು ತರಗತಿಯಲ್ಲಿ ಮೂರು ದಿನ ಮಾತನಾಡಲಿಲ್ಲವಂತೆ. ನಾಲ್ಕನೆಯ ದಿನ ಟೀಚರ್ ಅವಳನ್ನು ಅಧ್ಯಾಪಕರ ಕೋಣೆಗೆ ಕರೆದು, ಶಾಲೆಗೆ ಬರುವ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುವ ಒಂದು ಪಟ್ಟಿಯನ್ನು ತೋರಿಸಿದರು. ಯಾವ ಮೇಳದ ಆಟ ಇಂದು ಯಾವ ಊರಿನಲ್ಲಿ ಎಂದು ತಿಳಿಸುವ ಪಟ್ಟಿ ಅದು. "ನಿನ್ನ ಅಪ್ಪ ಇಂದು ಎಲ್ಲಿದ್ದಾರೆ, ನೀನೇ ಓದಿ ಹೇಳು" ಎಂದರು. ಅವಳಿಗೆ ಆಗ ಬರುತ್ತಿದ್ದುದು ಕೆಲವೇ ಅಕ್ಷರಗಳು. "ಪುತ್ತೂರು" ಎಂಬುದರ ತಕಾರದ ಒತ್ತನ್ನು ಅವಳು ಕಲಿತದ್ದು ಪಾಠಪುಸ್ತಕದಿಂದಲ್ಲ. ಬಂಟ್ವಾಳ, ಸುಳ್ಯ, ಕಾರ್ಕಳ, ಮೂಡಬಿದಿರೆ, ಹೀಗೆ ದಿನಕ್ಕೊಂದು ಊರಿನಂತೆ ಒತ್ತಕ್ಷರ, ಅರ್ಕಾವೊತ್ತು, ಸೊನ್ನೆಗಳೆಲ್ಲ ಬಂದವು. ಮಾರ್ಚ್ ಹೊತ್ತಿಗೆ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಪತ್ರಿಕೆ ಓದಬಲ್ಲವಳಾಗಿದ್ದಳು. ಮನೆಗೆ ಬಂದು, "ಅಪ್ಪ ಇವತ್ತು ಉಜಿರೆಯಲ್ಲಿ" ಎಂದು ಅಜ್ಜಿಗೆ ವರದಿ ಒಪ್ಪಿಸುತ್ತಿದ್ದಳು.

ಈ ಸಂಗತಿಯೊಂದೂ ನನಗೆ ತಿಳಿದಿರಲಿಲ್ಲ. ಮಂಜೇಶ್ವರ, ಉಪ್ಪಳಗಳ ಕಡೆ ಆಟವಿದ್ದರೆ ನಾನು ಬೆಳಗಿನ ಬಸ್ಸಿನಲ್ಲಿ ಮನೆಗೆ ಬಂದು, ಮಲಗಿ, ಮಗಳು ಶಾಲೆಯಿಂದ ಮರಳುವ ಮೊದಲೇ ಹೊರಟುಬಿಡುತ್ತಿದ್ದೆ. ಬಂದೂ ಬಾರದ ಅಂಥ ದಿನಗಳಲ್ಲಿ ಅವಳು ಕಾಣುತ್ತಿದ್ದುದು ಹಗ್ಗದ ಮೇಲೆ ಒಣಗುವ ನನ್ನ ಅಂಗಿಯನ್ನು ಮಾತ್ರ.

2001ರ ಮಳೆಗಾಲದಲ್ಲಿ ಮುಂಬಯಿಯ ಆಟಗಳಿಗೆ ಹೊರಟ ತಂಡವೊಂದು ನನ್ನನ್ನು ಕರೆಯಿತು. ಮಳೆಗಾಲ ಪೂರ್ತಿ ಮನೆಯಲ್ಲಿರುತ್ತೇನೆಂದು ನಾನು ಮಗಳಿಗೆ ಮಾತು ಕೊಟ್ಟಿದ್ದೆ. ಮಾಡಿನ ಹಂಚು ಬದಲಿಸಬೇಕಿತ್ತು, ಹಣ ಬೇಕಿತ್ತು, ಅದು ನೆಪವಲ್ಲ. ಆದರೆ ಮುಂಬಯಿಯ ಸಭಾಗೃಹದಲ್ಲಿ ನಮ್ಮೂರಿನವರು ಚಪ್ಪಾಳೆ ತಟ್ಟುವ ಸದ್ದನ್ನು ನಾನು ಮನಸ್ಸಿನಲ್ಲೇ ಕೇಳಿಸಿಕೊಂಡಿದ್ದೆನೆಂಬುದೂ ನಿಜ. ಒಂದೂವರೆ ತಿಂಗಳು ಹೋಗಿಬಂದೆ. ಮಗಳಿಗೆ ಒಂದು ಕೊಡೆ, ಬಣ್ಣದ ಪೆನ್ಸಿಲುಗಳ ಡಬ್ಬಿ ತಂದೆ. ಕೊಡೆಯನ್ನು ತೆಗೆದುಕೊಂಡಳು. ಹೆಚ್ಚು ಮಾತಾಡಲಿಲ್ಲ.

ಮರುದಿನ ಅವಳನ್ನು ಶಾಲೆಗೆ ಬಿಡಲು ಬಂದಾಗ ಟೀಚರ್ ನನ್ನನ್ನು ಕರೆದು ನಿಲ್ಲಿಸಿದರು. ಪತ್ರಿಕೆಯ ವಿಷಯವನ್ನು ಅವರು ನನಗೆ ಹೇಳಿದ್ದು ಅಂದೇ. "ಜುಲೈಯಲ್ಲಿ ಪ್ರತಿದಿನ ಬಂದು ಪತ್ರಿಕೆ ತೆರೆದು ಹುಡುಕಿದಳು. ಮಳೆಗಾಲವಲ್ಲವೇ, ಆ ಪಟ್ಟಿಯೇ ಇರಲಿಲ್ಲ. ಇದ್ದರೂ ಮುಂಬಯಿಯ ಆಟ ಅದರಲ್ಲಿ ಬರುತ್ತಿತ್ತೇ? ಎರಡು ವಾರ ಹುಡುಕಿದಳು. ಆಮೇಲೆ ಪತ್ರಿಕೆ ಮುಟ್ಟಲೇ ಇಲ್ಲ. ಒಂದು ಕಾರ್ಡು ಹಾಕಬಹುದಿತ್ತು ನೀವು. ಅವಳಿಗೆ ಓದಲು ಬರುತ್ತದೆ." ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಒಂದನೆಯ ತರಗತಿಯ ಮಗುವಿಗೆ ತಪ್ಪು ಲೆಕ್ಕ ತಿದ್ದಿಕೊಡುವ ಧ್ವನಿಯದು. ರಂಗಸ್ಥಳದಲ್ಲಿ ಎದುರಾಳಿಯ ಯಾವ ಪ್ರಶ್ನೆಗೂ ಉತ್ತರ ತಡವಾಗದ ನನಗೆ ಅಂದು ಉತ್ತರವಿರಲಿಲ್ಲ.

ಆ ನವೆಂಬರ್‌ನಿಂದ ನನ್ನ ಬಣ್ಣದ ಪೆಟ್ಟಿಗೆಯಲ್ಲಿ ಅಂಚೆ ಕಾರ್ಡುಗಳ ಒಂದು ಕಟ್ಟು ಸೇರಿತು. ಮಧ್ಯಾಹ್ನ ಎದ್ದು ಚಹಾ ಕುಡಿದ ಮೇಲೆ, ಚೌಕಿಯಲ್ಲಿ ದೇವರ ಪೆಟ್ಟಿಗೆ ಇಳಿಸುವ ಮೊದಲು, ನಾಲ್ಕು ಸಾಲು ಬರೆಯುವುದು. ಇಂದು ಯಾವ ಊರು, ಯಾವ ಪ್ರಸಂಗ, ನನ್ನದು ಯಾವ ವೇಷ, ಊಟಕ್ಕೇನಿತ್ತು ಇಷ್ಟೇ. ವಾರಕ್ಕೆ ಎರಡು ಕಾರ್ಡು. ದಿನವೂ ಊರು ಬದಲಿಸುವವನಿಗೆ ಮರು ಓಲೆ ಬರುವಂತಿಲ್ಲ. ಮಗಳು ಉತ್ತರಗಳನ್ನೆಲ್ಲ ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟು ಪತ್ತನಾಜೆಯ ರಾತ್ರಿ ನನ್ನ ಕೈಗೆ ಕೊಡುತ್ತಿದ್ದಳು. ಆರು ತಿಂಗಳ ಮನೆಯ ಸುದ್ದಿಯನ್ನು, ಕರು ಹಾಕಿದ ಹಸುವನ್ನು, ಅಜ್ಜಿಯ ಕೆಮ್ಮನ್ನು, ತಾನು ವಾರ್ಷಿಕೋತ್ಸವದಲ್ಲಿ ಲವನ ಪಾತ್ರ ಮಾಡಿದ್ದನ್ನು ನಾನು ಒಂದೇ ರಾತ್ರಿ ಚಿಮಿಣಿ ದೀಪದ ಬೆಳಕಿನಲ್ಲಿ ಓದುತ್ತಿದ್ದೆ. ಓದಿ ಮುಗಿಸುವಾಗ ಹೊರಗೆ ಮೊದಲ ಮಳೆಯ ಗುಡುಗು ಕೇಳಿಸುತ್ತಿದ್ದುದುಂಟು.

ಅವಳು ನಾಲ್ಕನೆಯ ತರಗತಿಯಲ್ಲಿದ್ದಾಗ ಕೇರಳದ ಭೂಪಟದಲ್ಲಿ ನನ್ನ ಊರುಗಳನ್ನು ಹುಡುಕಿ ಸೋತಳಂತೆ. ಆ ಭೂಪಟ ತಲಪಾಡಿಯಲ್ಲಿ ಮುಗಿಯುತ್ತದೆ. ನನ್ನ ತಿರುಗಾಟದ ಹೆಚ್ಚಿನ ಊರುಗಳು ಅದರಿಂದಾಚೆಗೆ. ಗುರುಗಳು ಕರಿಹಲಗೆಯ ಮೇಲೆ ಚಂದ್ರಗಿರಿ ಹೊಳೆಯಿಂದ ತೊಡಗಿ ನೇತ್ರಾವತಿಯನ್ನು ದಾಟಿ ಬಡಗು ದಿಕ್ಕಿಗೆ ಗೆರೆಯೆಳೆದು, ಬಂಟ್ವಾಳ ಇಲ್ಲಿ, ಕಾರ್ಕಳ ಇಲ್ಲಿ ಎಂದು ತೋರಿಸಿದರು. ಗಡಿಯ ಗೆರೆಯನ್ನು ಬೇರೆ ಬಣ್ಣದ ಸೀಮೆಸುಣ್ಣದಿಂದ ಆಮೇಲೆ ಎಳೆದರೆಂದು ಅವಳ ನೋಟ್‌ಪುಸ್ತಕದಲ್ಲಿತ್ತು. ಅದೇ ವರ್ಷ "ನನ್ನ ತಂದೆ" ಎಂಬ ಪ್ರಬಂಧದಲ್ಲಿ ಅವಳು ಬರೆದ ಒಂದು ವಾಕ್ಯ ನನಗೆ ಇಂದಿಗೂ ಬಾಯಿಪಾಠ: "ನನ್ನ ತಂದೆ ಪ್ರತಿ ವರ್ಷ ಮಳೆಗಿಂತ ಸ್ವಲ್ಪ ಮೊದಲು ಬರುತ್ತಾರೆ."

2005ರ ಫೆಬ್ರವರಿಯಲ್ಲಿ ಶಾಲೆಯ ಹೊಸ ಕಟ್ಟಡದ ಸಹಾಯಾರ್ಥ ಇದೇ ಬಯಲಿನಲ್ಲಿ ನಮ್ಮ ಮೇಳದ ಆಟ ನಡೆದುದು ಹಲವರಿಗೆ ನೆನಪಿರಬಹುದು. ಪ್ರಸಂಗ "ಬಭ್ರುವಾಹನ ಕಾಳಗ". ನನ್ನದು ಅರ್ಜುನ. ಲಕ್ಷ್ಮೀಶನ ಜೈಮಿನಿ ಭಾರತದಿಂದ ಮನೆಮಾತಾದ ಕಥೆಯದು. ತೀರ್ಥಯಾತ್ರೆಯ ಕಾಲದಲ್ಲಿ ಅರ್ಜುನ ಮಣಿಪುರದ ಚಿತ್ರಾಂಗದೆಯನ್ನು ಮದುವೆಯಾಗಿ, ಮುಂದೆ ಅವಳನ್ನು ಅಲ್ಲೇ ಬಿಟ್ಟು ಹೋಗುತ್ತಾನೆ. ಅಶ್ವಮೇಧದ ಕುದುರೆಯ ಬೆನ್ನಿಗೆ ಮತ್ತೆ ಅಲ್ಲಿಗೆ ಬಂದಾಗ ಮಗ ಬಭ್ರುವಾಹನ ಕಾಣಿಕೆ ಹೊತ್ತು ಬಂದು ಕಾಲಿಗೆರಗುತ್ತಾನೆ. ಅರ್ಜುನ ಅವನನ್ನು ತನ್ನ ಮಗನೆಂದು ಒಪ್ಪದೆ ಹೀಯಾಳಿಸಿ ಒದೆಯುತ್ತಾನೆ. ಆ ಹೀಯಾಳಿಕೆಯ ಭಾಗದಲ್ಲಿ ನನಗೆ ಹೆಸರಿತ್ತು. ನಮ್ಮ ಅರ್ಥಗಾರಿಕೆಗೆ ಬರೆದಿಟ್ಟ ಮಾತಿಲ್ಲವೆಂಬುದು ನಿಮಗೆ ಗೊತ್ತು. ಆ ಕ್ಷಣದಲ್ಲಿ ಹುಟ್ಟಿದ್ದೇ ಮಾತು.

ಬಭ್ರುವಾಹನನ ವೇಷಧಾರಿ ನನ್ನ ಕಾಲಿಗೆರಗಿದ. ನಾನು ಬಾಯಿ ತೆರೆದೆ. ಸಭೆಯ ಮುಂದಿನ ಚಾಪೆಯಲ್ಲಿ, ಟೀಚರ ಪಕ್ಕ, ಮಗಳು ಕಣ್ಣು ಮಿಟುಕಿಸದೆ ಕುಳಿತಿದ್ದಳು. "ನೀನಾರೋ" ಎಂದೆ. ಮುಂದಿನ ಮಾತು ಬರಲಿಲ್ಲ. ತುಳಸಿಕಟ್ಟೆಯ ಬಳಿಯಿಂದ ಎದ್ದು ಓಡಿದ ಮಗು ಕಣ್ಣೆದುರು ನಿಂತಿತ್ತು. ಭಾಗವತರು ಒಂದು ಕ್ಷಣ ಕಾದು, ಜಾಣತನದಿಂದ ಮುಂದಿನ ಪದ ಎತ್ತಿಕೊಂಡರು. ಹೇಗೋ ಪ್ರಸಂಗ ಮುಂದೆ ಸಾಗಿತು. ಚೌಕಿಗೆ ಮರಳಿದಾಗ, "ಏನಯ್ಯಾ, ಅರ್ಜುನನಿಗೆ ಇಂದು ಸಂಶಯ ಬಂತೇ?" ಎಂದು ಅವರು ಕೇಳಿದರು. ನಾನು ಕಿರೀಟ ಕಳಚುತ್ತಾ ಸುಮ್ಮನಿದ್ದೆ.

ಬೆಳಗ್ಗೆ ಮನೆಗೆ ಹೋಗುವ ದಾರಿಯಲ್ಲಿ ಮಗಳು ಕೇಳಿದಳು: "ಅಪ್ಪ, ಅರ್ಜುನನಿಗೆ ಮಗನ ಗುರುತು ಸಿಗಲಿಲ್ಲವೇಕೆ?"

"ಅವನು ತಿರುಗಾಟದಲ್ಲಿದ್ದನಲ್ಲ, ಮಗಾ" ಎಂದೆ.

ಅವಳು ಸ್ವಲ್ಪ ದೂರ ಯೋಚಿಸುತ್ತಾ ನಡೆದಳು. "ಕಾರ್ಡು ಹಾಕಬಹುದಿತ್ತು" ಎಂದಳು.

ಆ ಮೇಲೂ ನಾನು ತಿರುಗಾಟ ಬಿಡಲಿಲ್ಲ. ಬಿಟ್ಟೆನೆಂದು ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಬಿಟ್ಟಿದ್ದರೆ ಮನೆಯಲ್ಲಿರುತ್ತಿದ್ದೆ, ಆದರೆ ಅಲ್ಲಿರುತ್ತಿದ್ದವನು ನಾನೇ ಆಗಿರುತ್ತಿದ್ದೆನೋ ಇಲ್ಲವೋ. ಹೋಗುವ ಆಸೆಯೂ ಹೋದುದರ ನೋವೂ ಕೊನೆಯವರೆಗೆ ಜತೆಯಾಗಿಯೇ ಇದ್ದವು. ಮದ್ದಳೆಗೆ ಎರಡು ಮುಖವಿದ್ದಂತೆ, ಒಂದನ್ನು ಬಿಚ್ಚಿ ಇನ್ನೊಂದನ್ನು ನುಡಿಸಲಾಗದು. ಆದರೆ ಹೋದವನು ಎಲ್ಲಿದ್ದಾನೆಂದು ಮನೆಯವರಿಗೆ ತಿಳಿದಿರಬೇಕು, ಅದನ್ನು ತಿಳಿಸುವುದು ಹೋದವನ ಹೊಣೆ. ಇದನ್ನು ನನಗೆ ಕಲಿಸಿದ್ದು ಈ ಶಾಲೆ, ಅದೂ ನಾನು ಏಳನೆಯ ತರಗತಿ ಪಾಸಾಗಿ ಹೋಗಿ ಎಷ್ಟೋ ವರ್ಷಗಳಾದ ಮೇಲೆ.

ಕಾಲ ಬದಲಾಗಿದೆ. ಈಚಿನ ವರ್ಷಗಳಲ್ಲಿ ಹಲವು ಮೇಳಗಳ ಆಟ ನಡುರಾತ್ರಿಗೇ ಮುಗಿಯುತ್ತದೆ. ತರುಣ ಕಲಾವಿದರು ಬಣ್ಣ ತೆಗೆದು ಬೈಕು ಹತ್ತಿ ಮನೆಗೆ ಮರಳಿ, ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಡುವುದನ್ನು ಕಾಣುತ್ತೇನೆ. ಸಂತೋಷವಾಗುತ್ತದೆ, ಹೊಟ್ಟೆಕಿಚ್ಚೂ ಆಗುತ್ತದೆ. ಮಗಳು ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. 2020ರ ಮಾರ್ಚ್‌ನಲ್ಲಿ ಸಾಂಕ್ರಾಮಿಕದಿಂದಾಗಿ ಆಟಗಳು ನಿಂತು, ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ನಾನು ಮೇಳ ಸೇರಿದಂದಿನಿಂದ ಮೊದಲ ಬಾರಿಗೆ ಏಪ್ರಿಲ್ ತಿಂಗಳನ್ನು ಮನೆಯಲ್ಲಿ ಕಳೆದೆ. ಮಾವಿನಮರದಡಿಯಲ್ಲಿ ಹಣ್ಣು ಹೆಕ್ಕಲು ಮಗಳಿರಲಿಲ್ಲ. ಅವಳು ಗಡಿಯಾಚೆ ಬಾಡಿಗೆ ಕೋಣೆಯಲ್ಲಿದ್ದಳು. ದಿನಕ್ಕೊಮ್ಮೆ ದೂರವಾಣಿಯಲ್ಲಿ, ಇಂದು ಎಲ್ಲಿದ್ದೇನೆ, ಏನು ಉಂಡೆ ಎಂದು ತಪ್ಪದೆ ತಿಳಿಸುತ್ತಿದ್ದಳು. ನನ್ನ ಕಾರ್ಡುಗಳ ನಾಲ್ಕು ಸಾಲೇ ಅದು. ಹಿಂದೆ ಹೆಂಡತಿ ಜಗಲಿಯಲ್ಲಿ ಕುಳಿತು ಏನನ್ನು ಕಾಯುತ್ತಿದ್ದಳೆಂದು ಆ ಎರಡು ತಿಂಗಳು ನನಗೆ ಕಲಿಸಿತು.

ಸುವರ್ಣ ಮಹೋತ್ಸವದ ರಾತ್ರಿ ಹಳೆ ವಿದ್ಯಾರ್ಥಿಗಳ ಕಾರ್ಯಕ್ರಮದಲ್ಲಿ ನಾನೊಂದು ವೇಷ ಮಾಡಬೇಕೆಂದು ಸಮಿತಿಯವರು ಕೇಳಿದ್ದರು. ಅವರ ವಿಶ್ವಾಸಕ್ಕೆ ಋಣಿಯಾಗಿದ್ದೇನೆ. ಆದರೆ ಅಂದು ತನ್ನ ತರಗತಿಯ ಗೆಳತಿಯರೊಡನೆ ವೇದಿಕೆ ಏರಲು ಮಗಳು ಬೆಂಗಳೂರಿನಿಂದ ಬರುತ್ತಿದ್ದಾಳೆ. ಮೇಳಕ್ಕೆ ಒಂದು ದಿನದ ರಜೆ ಹೇಳಿದ್ದೇನೆ. ಈ ಶಾಲೆಯ ವಾರ್ಷಿಕೋತ್ಸವವನ್ನು ತಂದೆಯಾಗಿ ನಾನು ಇನ್ನೂ ನೋಡಿಲ್ಲ. ನನಗೆ ವೇಷ ಬೇಡ, ಮುಂದಿನ ಸಾಲಿನಲ್ಲಿ, ಹೆಂಡತಿಯ ಪಕ್ಕದಲ್ಲಿ, ಒಂದು ಕುರ್ಚಿ ಸಾಕೆಂದು ಅವರಲ್ಲಿ ವಿನಂತಿಸಿಕೊಂಡಿದ್ದೇನೆ.